ಅಪ್ಪನ 1.3, ಮಗನ 1.3

ಆರೋಗ್ಯ ತಪಾಸಣೆಯ ವರದಿಯನ್ನು ನಾವೆಲ್ಲ ಓದುವ ರೀತಿ ಹೆಚ್ಚುಕಡಿಮೆ ಒಂದೇ. ಪಿಡಿಎಫ್ ತೆರೆಯುತ್ತೇವೆ, ದಪ್ಪ ಅಕ್ಷರದಲ್ಲೋ ಕೆಂಪು ಬಣ್ಣದಲ್ಲೋ ಏನಾದರೂ ಇದೆಯಾ ಎಂದು ಕಣ್ಣಾಡಿಸುತ್ತೇವೆ, ಇಲ್ಲದಿದ್ದರೆ ‘ಎಲ್ಲಾ ನಾರ್ಮಲ್’ ಎಂದು ಮುಚ್ಚುತ್ತೇವೆ. ಪುಣೆ, ಹೈದರಾಬಾದ್, ಚೆನ್ನೈಗಳಲ್ಲಿ ಕೆಲಸ ಮಾಡುವ ನಮ್ಮಂಥವರಿಗೆ ಈ ಕೆಲಸ ವರ್ಷಕ್ಕೆ ಎರಡು ಸಲ. ಒಂದು, ಕಂಪನಿ ಮಾಡಿಸುವ ನಮ್ಮದೇ ತಪಾಸಣೆ. ಇನ್ನೊಂದು, ಊರಿನಿಂದ ಅಪ್ಪ ‘ಇದನ್ನೊಮ್ಮೆ ನೋಡಪಾ’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವ ವರದಿ. ಇಂಗ್ಲಿಷ್ ಬರುತ್ತದೆ ಎಂಬ ಒಂದೇ ಅರ್ಹತೆಯ ಮೇಲೆ ಮಗ ಮನೆಯ ಡಾಕ್ಟರ್ ಆಗಿಬಿಟ್ಟಿರುತ್ತಾನೆ.

ಈ ಓದು ಎಲ್ಲಕ್ಕಿಂತ ಹೆಚ್ಚು ಮೋಸ ಮಾಡುವುದು ಕಿಡ್ನಿಯ ವಿಷಯದಲ್ಲಿ. ಕಿಡ್ನಿ ಕಾಯಿಲೆ ಬಹುಕಾಲ ನೋವು ಕೊಡುವುದಿಲ್ಲ, ವರದಿಯೂ ಬಹುಕಾಲ ಕೆಂಪಾಗುವುದಿಲ್ಲ.

ಕ್ರಿಯೇಟಿನಿನ್ ಎಂಬ ಸಾಲನ್ನೇ ನೋಡಿ. ಅದು ಸ್ನಾಯುಗಳಲ್ಲಿ ದಿನವೂ ಹುಟ್ಟುವ ತ್ಯಾಜ್ಯ. ಕಿಡ್ನಿ ಅದನ್ನು ಸೋಸಿ ಹೊರಹಾಕುತ್ತದೆ. ಸೋಸುವ ಶಕ್ತಿ ಕುಗ್ಗಿದರೆ ರಕ್ತದಲ್ಲಿ ಅದು ಏರುತ್ತದೆ. ಗಂಡಸರಿಗೆ ಅನೇಕ ಲ್ಯಾಬ್‌ಗಳು ಮುದ್ರಿಸುವ ಮಿತಿ 0.7ರಿಂದ 1.3. ತೊಂದರೆ ಇರುವುದು ಇಲ್ಲೇ. ಈ ಮಿತಿ ಇಪ್ಪತ್ತರ ಹುಡುಗನಿಗೂ ಎಂಬತ್ತರ ಅಜ್ಜನಿಗೂ ಒಂದೇ. ವಯಸ್ಸಾದಂತೆ ಸ್ನಾಯು ಕರಗುತ್ತದೆ, ಹುಟ್ಟುವ ಕ್ರಿಯೇಟಿನಿನ್ ಕಡಿಮೆಯಾಗುತ್ತದೆ. ಹಾಗಾಗಿ ಸೋಸುವ ಶಕ್ತಿ ಅರ್ಧದಷ್ಟು ಹೋಗಿದ್ದರೂ ಸಂಖ್ಯೆ ಮಿತಿಯೊಳಗೇ ಕೂತಿರಬಹುದು.

ಅದಕ್ಕೇ ವೈದ್ಯರು ಇಜಿಎಫ್‌ಆರ್ ನೋಡುತ್ತಾರೆ. ಕ್ರಿಯೇಟಿನಿನ್, ವಯಸ್ಸು, ಲಿಂಗ ಈ ಮೂರನ್ನು ಸೂತ್ರಕ್ಕೆ ಹಾಕಿ ಕಿಡ್ನಿ ನಿಮಿಷಕ್ಕೆ ಎಷ್ಟು ಮಿಲಿಲೀಟರ್ ಸೋಸುತ್ತಿದೆ ಎಂದು ಅಂದಾಜು ಮಾಡುವ ಲೆಕ್ಕ ಅದು. 90ರ ಮೇಲಿದ್ದರೆ ಚೆನ್ನಾಗಿದೆ ಎಂದರ್ಥ. ಮೂರು ತಿಂಗಳಿಗೂ ಹೆಚ್ಚು ಕಾಲ 60ಕ್ಕಿಂತ ಕೆಳಗಿದ್ದರೆ ದೀರ್ಘಕಾಲದ ಕಿಡ್ನಿ ಕಾಯಿಲೆ ಎಂದು ಪರಿಗಣಿಸುತ್ತಾರೆ. ಈಗ ಬಳಕೆಯಲ್ಲಿರುವ 2021ರ ಸಿಕೆಡಿ–ಎಪಿಐ ಸೂತ್ರಕ್ಕೆ 1.3 ಹಾಕಿ ನೋಡಿದೆ. 35 ವರ್ಷದ ಗಂಡಸಿಗೆ ಉತ್ತರ 73. 70 ವರ್ಷದವರಿಗೆ 59. ವರದಿಯಲ್ಲಿ ಎರಡೂ ‘ನಾರ್ಮಲ್’.

ನಮ್ಮ ತಂದೆಯವರ ಮೂರು ವರ್ಷಗಳ ವರದಿಗಳನ್ನು ಕಳೆದ ವರ್ಷ ಒಂದೇ ಹಾಳೆಯಲ್ಲಿ ಬರೆದುಕೊಂಡಾಗ ಕಂಡದ್ದು ಹೀಗಿತ್ತು: 68ನೇ ವಯಸ್ಸಿನಲ್ಲಿ 0.9, ಮರುವರ್ಷ 1.1, ಅದರ ಮರುವರ್ಷ 1.3. ಮೂರು ಬೇರೆ ಬೇರೆ ಲ್ಯಾಬ್, ಒಂದರಲ್ಲೂ ಕೆಂಪು ಗುರುತಿಲ್ಲ. ಇಜಿಎಫ್‌ಆರ್ ಮಾತ್ರ 93ರಿಂದ 73ಕ್ಕೆ, 73ರಿಂದ 59ಕ್ಕೆ ಇಳಿದಿತ್ತು. ಗದಗಿನಲ್ಲಿ ವೈದ್ಯರ ಹತ್ತಿರ ಹೋದಾಗ ಅವರು ಮೊದಲು ಕೇಳಿದ್ದು ಎರಡು ಪ್ರಶ್ನೆ. ‘ಮೊಣಕಾಲು ನೋವಿಗೆ ಮಾತ್ರೆ ತಗೋತೀರೇನ್ರಿ? ರಾತ್ರಿ ಎಷ್ಟು ಸಲ ಏಳ್ತೀರಿ?’ ಮೆಡಿಕಲ್ ಶಾಪಿನಿಂದ ತಾವೇ ತಂದು ನುಂಗುತ್ತಿದ್ದ ನೋವಿನ ಮಾತ್ರೆಗಳ ಲೆಕ್ಕ ಆಗ ಹೊರಬಿತ್ತು. ರಾತ್ರಿ ನಾಲ್ಕು ಸಲ ಏಳುವುದನ್ನು ಅವರು ಅವ್ವನಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಸ್ಕ್ಯಾನಿಂಗ್‌ನಲ್ಲಿ ಪ್ರಾಸ್ಟೇಟ್ ದೊಡ್ಡದಾಗಿತ್ತು, ಮೂತ್ರ ಮಾಡಿದ ಮೇಲೂ ಚೀಲದಲ್ಲಿ ಸಾಕಷ್ಟು ಉಳಿಯುತ್ತಿತ್ತು. ನೋವಿನ ಮಾತ್ರೆ ನಿಂತಿತು, ಪ್ರಾಸ್ಟೇಟ್‌ಗೆ ಔಷಧಿ ಶುರುವಾಯಿತು. ಈಗ 1.1ರಲ್ಲಿ ನಿಂತಿದೆ. ಇನ್ನೆರಡು ವರ್ಷ ‘ಎಲ್ಲಾ ನಾರ್ಮಲ್’ ಎಂದುಕೊಂಡಿದ್ದರೆ ಎಲ್ಲಿಗೆ ಇಳಿಯುತ್ತಿತ್ತೋ.

ಹಾಗೆಂದು ಒಂದು ಸಂಖ್ಯೆ ನೋಡಿ ಹೆದರಲೂಬಾರದು. ಜಿಮ್‌ನಲ್ಲಿ ಮೈ ಬೆಳೆಸಿದವರಿಗೆ, ಕ್ರಿಯೇಟಿನ್ ಪುಡಿ ಕುಡಿಯುವವರಿಗೆ, ಹಿಂದಿನ ರಾತ್ರಿ ಮಾಂಸದೂಟ ಜೋರಾಗಿ ಮಾಡಿದವರಿಗೆ ಕಿಡ್ನಿ ಚೆನ್ನಾಗಿದ್ದರೂ ಕ್ರಿಯೇಟಿನಿನ್ ಹೆಚ್ಚು ತೋರಿಸಬಹುದು. ವಾಂತಿ–ಭೇದಿಯಾಗಿ ಮೈಯಲ್ಲಿ ನೀರು ಕಡಿಮೆಯಾಗಿದ್ದರೂ ಅಷ್ಟೇ. ಇಂಥ ಸಂದರ್ಭದಲ್ಲಿ ಯಾವಾಗ ಮತ್ತೆ ಪರೀಕ್ಷೆ ಮಾಡಿಸಬೇಕು ಎಂದು ವೈದ್ಯರನ್ನು ಕೇಳಿ. ಒಂದು ಬಿಂದುವಿನಿಂದ ಗೆರೆ ಎಳೆಯಲಾಗದು. ಗೆರೆ ಎತ್ತ ಸಾಗಿದೆ ಎಂಬುದೇ ಮುಖ್ಯ.

ರಕ್ತಕ್ಕಿಂತ ಮೊದಲು ಮೂತ್ರವೇ ಸುಳಿವು ಕೊಡುವುದೂ ಉಂಟು. ಸಕ್ಕರೆ ಕಾಯಿಲೆ, ಬಿ.ಪಿ. ಇದ್ದವರ ಕಿಡ್ನಿಯಿಂದ ಆಲ್ಬುಮಿನ್ ಎಂಬ ಪ್ರೋಟೀನ್ ಸೋರಲು ಶುರುವಾದಾಗ ಕ್ರಿಯೇಟಿನಿನ್ ಇನ್ನೂ ಅಲುಗಾಡಿರುವುದಿಲ್ಲ. ಸಾಮಾನ್ಯ ಮೂತ್ರ ಪರೀಕ್ಷೆಯ ಪಟ್ಟಿಗೆ ಈ ಸಣ್ಣ ಸೋರಿಕೆ ತಿಳಿಯದೆ ‘ನಿಲ್’ ಎಂದು ಬರಬಹುದು. ಎಸಿಆರ್ ಎಂಬ ಬೇರೆ ಪರೀಕ್ಷೆ ಅದನ್ನು ಹಿಡಿಯುತ್ತದೆ. ಅದು 30ಕ್ಕಿಂತ ಕಡಿಮೆ ಇರಬೇಕು. 30ರಿಂದ 300ರವರೆಗೆ ಎಚ್ಚರಿಕೆಯ ಗಂಟೆ, ಅದರಾಚೆ ಗಂಭೀರ. ಜ್ವರ ಬಂದಾಗ, ವಿಪರೀತ ವ್ಯಾಯಾಮ ಮಾಡಿದಾಗಲೂ ಏರುವುದರಿಂದ ಇದನ್ನೂ ಇನ್ನೊಮ್ಮೆ ನೋಡಿಯೇ ತೀರ್ಮಾನಿಸಬೇಕು. ಹತ್ತಾರು ವಿಟಮಿನ್ ಪರೀಕ್ಷೆಗಳನ್ನು ತುಂಬಿದ ದುಬಾರಿ ಪ್ಯಾಕೇಜುಗಳಲ್ಲೂ ಎಷ್ಟೋ ಸಲ ಎಸಿಆರ್ ಇರುವುದಿಲ್ಲ. ಸಕ್ಕರೆ, ಬಿ.ಪಿ. ಇದ್ದವರು ವರ್ಷಕ್ಕೊಮ್ಮೆ ಕೇಳಿ ಮಾಡಿಸಬೇಕು.

ಇನ್ನು ಪಸ್ ಸೆಲ್. ಐದರವರೆಗೆ ಸಾಮಾನ್ಯ ಎನ್ನುತ್ತಾರೆ. ಹೆಚ್ಚು ಕಂಡರೆ ನೇರ ಮೆಡಿಕಲ್ ಶಾಪಿಗೆ ಹೋಗಿ ಆ್ಯಂಟಿಬಯಾಟಿಕ್ ತರುವುದು ನಮ್ಮ ರೂಢಿ. ಮೂತ್ರನಾಳ ಉದ್ದವಾಗಿರುವುದರಿಂದ ಗಂಡಸರಿಗೆ, ಅದರಲ್ಲೂ ಯುವಕರಿಗೆ, ಮೂತ್ರದ ಸೋಂಕು ಹೆಂಗಸರಷ್ಟು ಬರುವುದಿಲ್ಲ. ಬಂದರೆ ಹಿಂದೆ ಕಲ್ಲು, ಪ್ರಾಸ್ಟೇಟ್, ಸಕ್ಕರೆ ಏನಾದರೂ ಇದೆಯೇ ಎಂದು ಹುಡುಕಬೇಕಾಗುತ್ತದೆ. ಮೊದಲ ಮಾತ್ರೆ ನುಂಗುವ ಮುನ್ನವೇ ಕಲ್ಚರ್‌ಗೆ ಮೂತ್ರ ಕೊಡಬೇಕು. ಆಮೇಲೆ ಕೊಟ್ಟರೆ ರೋಗಾಣು ಸಿಗದೇ ಹೋಗಬಹುದು. ಕೊಡುವಾಗ ಮೊದಲ ಧಾರೆ ಬಿಟ್ಟು ನಡುವಿನದನ್ನು ಹಿಡಿಯಬೇಕು, ಬೇಗ ಲ್ಯಾಬ್ ಮುಟ್ಟಿಸಬೇಕು. ಬೆಳಿಗ್ಗೆ ಹಿಡಿದ ಡಬ್ಬಿಯನ್ನು ಮಧ್ಯಾಹ್ನದವರೆಗೆ ಬ್ಯಾಗಿನಲ್ಲಿಟ್ಟು ಕೊಟ್ಟರೆ ಬರುವ ವರದಿ ನಂಬಿಕೆಗೆ ಅರ್ಹವಲ್ಲ.

ಕೆಂಪು ರಕ್ತಕಣ ಮೂರು ಅಥವಾ ಹೆಚ್ಚು ಎಂದಿದ್ದರೆ ವೈದ್ಯರಿಗೆ ತೋರಿಸಬೇಕು. ಕಣ್ಣಿಗೇ ಕಾಣುವಂತೆ ಮೂತ್ರ ಒಮ್ಮೆ ಕೆಂಪಾಗಿ, ನೋವೂ ಇಲ್ಲದೆ, ಮರುದಿನ ತಾನೇ ಸರಿಹೋದರೂ ಬಿಡಬಾರದು. ಬೀಡಿ, ಸಿಗರೇಟು ಸೇದುವವರಂತೂ ಮೂತ್ರರೋಗ ತಜ್ಞರನ್ನು ಕಾಣಲೇಬೇಕು, ಏಕೆಂದರೆ ಮೂತ್ರಕೋಶದ ಕ್ಯಾನ್ಸರ್ ಹೀಗೆ ನೋವಿಲ್ಲದೆ ಮುಖ ತೋರಿಸುತ್ತದೆ. ಇದಕ್ಕೆ ತದ್ವಿರುದ್ಧ ಪಿಎಸ್‌ಎ. ಅದು 4 ದಾಟಿತು ಎಂದಾಕ್ಷಣ ಕ್ಯಾನ್ಸರ್ ಎಂದು ನಿದ್ದೆಗೆಡುವವರಿದ್ದಾರೆ. ಪ್ರಾಸ್ಟೇಟ್ ದೊಡ್ಡದಾದರೂ, ಸೋಂಕಾದರೂ ಅದು ಏರುತ್ತದೆ. ಸೋಂಕು ವಾಸಿಯಾಗಿ ಕೆಲವು ವಾರ ಕಳೆದ ಮೇಲೆ ಮತ್ತೆ ನೋಡಬೇಕು.

ಇಷ್ಟನ್ನೂ ಪ್ರತಿ ಮನೆಯ ಮಗನೂ ಕಲಿತು ಹೇಳಲಿ ಎನ್ನುವುದು ನ್ಯಾಯವಲ್ಲ. ಇಂಗ್ಲಿಷ್ ಓದುವ ಮಗ ಇಲ್ಲದ ಮನೆಗಳ ಗತಿ ಏನು? ಸಾಫ್ಟ್‌ವೇರ್ ಬರೆಯುವವನಾಗಿ ಹೇಳುತ್ತೇನೆ, ಲ್ಯಾಬ್‌ಗಳಿಗೆ ಇದು ದೊಡ್ಡ ಕೆಲಸವಲ್ಲ. ರೋಗಿಯ ವಯಸ್ಸು, ಲಿಂಗ, ಕ್ರಿಯೇಟಿನಿನ್ ಮೂರೂ ಅವರ ಕಂಪ್ಯೂಟರಿನಲ್ಲಿ ಆಗಲೇ ಇವೆ. ಇಜಿಎಫ್‌ಆರ್ ಮುದ್ರಿಸಲು ಬೇಕಾದದ್ದು ಹತ್ತು ಸಾಲಿನ ಕೋಡ್. ಕೆಲವು ಲ್ಯಾಬ್‌ಗಳು ಕೊಡುತ್ತಿವೆ, ಎಲ್ಲರೂ ಕೊಡಬೇಕು. ಹಳೆಯ ಗ್ರಾಹಕರಾದರೆ ಹಿಂದಿನ ಸಂಖ್ಯೆಯನ್ನು ಪಕ್ಕದಲ್ಲೇ ತೋರಿಸಬೇಕು. ಕರ್ನಾಟಕದಲ್ಲಿ ಕೊಡುವ ವರದಿಯಲ್ಲಿ ‘60ಕ್ಕಿಂತ ಕಡಿಮೆ ಇದೆ, ವೈದ್ಯರನ್ನು ಕಾಣಿ’ ಎಂಬ ಒಂದು ಸಾಲಾದರೂ ಕನ್ನಡದಲ್ಲಿರಬೇಕು. ಇದನ್ನು ಲ್ಯಾಬ್‌ಗಳ ಇಚ್ಛೆಗೆ ಬಿಡದೆ ಆರೋಗ್ಯ ಇಲಾಖೆಯೇ ಕಡ್ಡಾಯ ಮಾಡಲಿ.

ಅಲ್ಲಿಯವರೆಗೆ ನಾವು ಮಾಡಬಹುದಾದದ್ದು ಇಷ್ಟು: ಒಂದು ಹಾಳೆಯಲ್ಲಿ ದಿನಾಂಕ, ಕ್ರಿಯೇಟಿನಿನ್, ಇಜಿಎಫ್‌ಆರ್, ಎಸಿಆರ್, ಬಿ.ಪಿ. ಎಂದು ಐದು ಕಂಬ ಹಾಕಿ ವರ್ಷವರ್ಷ ತುಂಬುತ್ತಾ ಹೋಗುವುದು. ವೈದ್ಯರ ಹತ್ತಿರ ಹೋಗುವಾಗ ಆ ಹಾಳೆ ಕೈಯಲ್ಲಿರಲಿ. ಜೊತೆಗೆ ಯಾವ ಲ್ಯಾಬೂ ಅಳೆಯಲಾರದ ಒಂದು ಪ್ರಶ್ನೆಯನ್ನು ಅಪ್ಪಂದಿರಿಗೆ ಸಂಕೋಚ ಬಿಟ್ಟು ಕೇಳಿ, ರಾತ್ರಿ ಎಷ್ಟು ಸಲ ಏಳುತ್ತೀರಿ ಎಂದು. ‘ವಯಸ್ಸಾತಲ್ಲೋ’ ಎಂಬ ಉತ್ತರ ಬಂದರೆ ಅಲ್ಲಿಗೇ ಬಿಡಬೇಡಿ.