ಗೋಡೆಗೆ ಬೆಳಕು, ಬೆಂಚಿಗೆ ಕತ್ತಲೆ

ಮೊನ್ನೆ ನಮ್ಮ ಊರಿನ ಒಂದು ಕಾಲೇಜಿನಲ್ಲಿ ಅಧ್ಯಾಪಕರಿಗಾಗಿ ಒಂದು ದಿನದ ಕಮ್ಮಟ ಏರ್ಪಾಡಾಗಿತ್ತು. ನಿವೃತ್ತನಾದವನನ್ನೂ ಹಳೆಯ ವಿಶ್ವಾಸದಿಂದ ಕರೆಯುತ್ತಾರೆ, ಹೋಗಿದ್ದೆ. ಅಂದಿನ ವಿಷಯ, ವಿದ್ಯಾರ್ಥಿಯನ್ನು ತರಗತಿಯಲ್ಲಿ ಸಕ್ರಿಯನನ್ನಾಗಿ ಮಾಡುವುದು ಹೇಗೆ ಎಂಬುದು. ಹೊರಗಿನಿಂದ ಬಂದಿದ್ದ ತಜ್ಞರು ಮೊದಲು ಕಿಟಕಿಯ ಪರದೆಗಳನ್ನು ಎಳೆಸಿದರು, ಆಮೇಲೆ ದೀಪಗಳನ್ನು ಆರಿಸಿದರು. ಹತ್ತೂವರೆಯಿಂದ ಊಟದ ಹೊತ್ತಿನವರೆಗೆ ಗೋಡೆಯ ಮೇಲೆ ಒಂದಾದ ಮೇಲೊಂದು ಸ್ಲೈಡು ಮೂಡಿಸಿ, ಅದರಲ್ಲಿ ಬರೆದಿದ್ದುದನ್ನೇ ನಮಗೆ ಓದಿ ಹೇಳಿದರು. ವಿದ್ಯಾರ್ಥಿ ಬರಿಯ ಕೇಳುಗನಾಗಿ ಕೂರಬಾರದು ಎಂಬ ಮಾತು ತೆರೆಯ ಮೇಲೆ ಬಂದಾಗ ನನ್ನ ಎಡಗಡೆಯ ಇಬ್ಬರು ನಿದ್ದೆಹೋಗಿದ್ದರು. ಕೊನೆಯಲ್ಲಿ ಪ್ರಶ್ನೆಗಳಿಗೆಂದು ಐದು ನಿಮಿಷ ಇಟ್ಟಿದ್ದರು. ಊಟ ತಣ್ಣಗಾಗುತ್ತದೆಂದು ಅದನ್ನೂ ಕೈಬಿಟ್ಟರು.

ಅವರನ್ನು ಹಾಸ್ಯಮಾಡುವ ಯೋಗ್ಯತೆ ನನಗಿಲ್ಲ. ಮೂವತ್ತು ವರ್ಷಕ್ಕೂ ಮೇಲೆ ಭೌತವಿಜ್ಞಾನದ ಪಾಠ ಹೇಳಿದವನು ನಾನು. ಅದರಲ್ಲಿ ಮೊದಲ ಹದಿನೈದು ವರ್ಷ ಒಂದೇ ನೋಟ್ಸಿನ ಕಟ್ಟನ್ನು ಕೈಯಲ್ಲಿ ಹಿಡಿದು ಬರೆಸಿದೆ. ಕಾಗದ ಹಳದಿಯಾಯಿತು, ಅಂಚು ಮುರಿಯಿತು, ಪಾಠ ಹಾಗೆಯೇ ಇತ್ತು. ಆಮೇಲೆ ಕಾಲೇಜಿಗೆ ಪ್ರೊಜೆಕ್ಟರು ಬಂತು. ಬೇಸಗೆಯ ರಜವನ್ನೆಲ್ಲ ಖರ್ಚುಮಾಡಿ ಆ ಹಳದಿ ಕಾಗದಗಳನ್ನು ನೀಲಿ ಹಿನ್ನೆಲೆಯ ಸ್ಲೈಡುಗಳಿಗೆ ಏರಿಸಿದೆ. ಪ್ರಿನ್ಸಿಪಾಲರು ಸ್ಟಾಫ್ ಮೀಟಿಂಗಿನಲ್ಲಿ ನನ್ನನ್ನು ಹೊಗಳಿದರು. ಒಂದು ವಾರ ಕಳೆಯುವುದರೊಳಗೆ ಹುಡುಗನೊಬ್ಬ ಬಂದು, 'ಸಾರ್, ಆ ಸ್ಲೈಡುಗಳನ್ನು ಕಳಿಸಿಬಿಡಿ ಸಾರ್' ಎಂದ. ಕಳಿಸಿದೆ. ಮರುದಿನದಿಂದ ತರಗತಿಯಲ್ಲಿ ಉಳಿದವರು, ಹಾಜರಿಯ ಭಯವಿದ್ದವರು ಮಾತ್ರ. ಆಗ ಸಿಟ್ಟು ಬಂತು. ಈಗ ಯೋಚಿಸಿದರೆ ಹುಡುಗರದು ನ್ಯಾಯವಾದ ಲೆಕ್ಕಾಚಾರವೆಂದು ತೋರುತ್ತದೆ. ಮನೆಯಲ್ಲಿ ಓದಿಕೊಳ್ಳಬಹುದಾದದ್ದನ್ನು ಇನ್ನೊಬ್ಬ ಓದುವುದನ್ನು ಕೇಳಲು ಬಸ್ಸು ಹಿಡಿದು ಏತಕ್ಕೆ ಬರಬೇಕು?

ಈ ಹೊತ್ತು ನಾನು ಜಗಳ ತೆಗೆಯಬೇಕೆಂದಿರುವುದು ಈ ವಿಷಯಕ್ಕೇ. ಲಕ್ಷಗಟ್ಟಲೆ ಹಣ ಕೊಟ್ಟು ನಾವು ತರಗತಿಗೆ ತರುತ್ತಿರುವ ಯಂತ್ರಗಳಲ್ಲಿ ಹೆಚ್ಚಿನವು ಅಧ್ಯಾಪಕನ ಮಾತನ್ನು ದೊಡ್ಡದು ಮಾಡುವವು. ನಮ್ಮ ತರಗತಿಗಳಲ್ಲಿ ಅಧ್ಯಾಪಕನ ಮಾತಿಗೆ ಎಂದೂ ಬರಗಾಲವಿರಲಿಲ್ಲ. ಇಲ್ಲದಿರುವುದು ವಿದ್ಯಾರ್ಥಿಯ ಮಾತು.

ಯಂತ್ರದ ಮೇಲಿನ ಈ ನಂಬಿಕೆ ಹೊಸದಲ್ಲ. 1913ರಲ್ಲಿಯೇ ಅಮೆರಿಕದ ಎಡಿಸನ್ನರು, ಚಲಚ್ಚಿತ್ರ ಬಂದಮೇಲೆ ಶಾಲೆಗಳಲ್ಲಿ ಪುಸ್ತಕಗಳಿಗೆ ಬೇಗನೆ ಕೆಲಸವಿಲ್ಲದಂತಾಗುತ್ತದೆಂದು ಭವಿಷ್ಯ ನುಡಿದಿದ್ದರು. ನಮ್ಮಲ್ಲಿ 1984ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗದ ಪಾಠಗಳು ದೂರದರ್ಶನದಲ್ಲಿ ಬರತೊಡಗಿದವು. 2004ರ ಸೆಪ್ಟೆಂಬರಿನಲ್ಲಿ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹ ಶ್ರೀಹರಿಕೋಟೆಯಿಂದ ಮೇಲೇರಿತು. ಅದರ ಮೊದಮೊದಲ ಪ್ರಯೋಗಗಳಲ್ಲಿ ನಮ್ಮ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ್ದೂ ಒಂದು. 2017ರಲ್ಲಿ 'ಸ್ವಯಂ' ಬಂತು. 2020ರ ಮಾರ್ಚಿನಲ್ಲಿ ಕಾಲೇಜುಗಳು ಬಾಗಿಲು ಹಾಕಿದಾಗ ಇಡೀ ದೇಶದ ಪಾಠ ಅಂಗೈಯಗಲದ ಫೋನಿನೊಳಕ್ಕೆ ಹೊಕ್ಕಿತು. ಇವೆಲ್ಲ ವ್ಯರ್ಥವೆಂದು ನಾನು ಹೇಳುವುದಿಲ್ಲ. ಒಳ್ಳೆಯ ಮೇಷ್ಟರ ಮಾತು ದೂರದ ಊರಿಗೂ ತಲುಪಿದ್ದು ಸಣ್ಣ ಉಪಕಾರವಲ್ಲ. ಆದರೆ ಮಾತು ಎಲ್ಲಿಂದ ಬಂದರೇನು, ಕೇಳುವವನು ಕೈಕಟ್ಟಿ ಕೂತೇ ಇದ್ದ. ರಿಚರ್ಡ್ ಕ್ಲಾರ್ಕ್ ಎಂಬ ಶಿಕ್ಷಣತಜ್ಞರು 1983ರಲ್ಲಿ ಒಂದು ಒಳ್ಳೆಯ ಹೋಲಿಕೆ ಕೊಟ್ಟರು: ಬೋಧನೆಯ ಸಾಧನಗಳು ದಿನಸಿ ಸಾಗಿಸುವ ಲಾರಿಗಳಿದ್ದಂತೆ, ಲಾರಿ ಬದಲಾದರೆ ದಿನಸಿಯಲ್ಲಿನ ಪುಷ್ಟಿ ಬದಲಾಗುವುದಿಲ್ಲ. ನಾವು ಲಾರಿಗೆ ಬಣ್ಣ ಬಳಿಯುತ್ತ ಕೂತಿದ್ದೇವೆ.

ಹಾಗಾದರೆ ಪುಷ್ಟಿ ಯಾವುದರಲ್ಲಿದೆ? ಇದು ಇನ್ನು ಅಭಿಪ್ರಾಯದ ಮಾತಾಗಿ ಉಳಿದಿಲ್ಲ. ಸ್ಕಾಟ್ ಫ್ರೀಮನ್ ಮತ್ತು ಸಂಗಡಿಗರು ವಿಜ್ಞಾನ, ಗಣಿತ, ಎಂಜಿನಿಯರಿಂಗ್ ತರಗತಿಗಳ ಬಗ್ಗೆ ನಡೆದಿದ್ದ 225 ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟಿಸಿದರು. ಬರಿಯ ಉಪನ್ಯಾಸದ ತರಗತಿಗಳಲ್ಲಿ ನಪಾಸಾದವರು ಸರಾಸರಿ ಶೇಕಡ 33.8, ವಿದ್ಯಾರ್ಥಿಗಳು ತಾವೇ ಯೋಚಿಸಿ, ಚರ್ಚಿಸಿ, ಲೆಕ್ಕ ಬಿಡಿಸುವ ತರಗತಿಗಳಲ್ಲಿ 21.8. ಇಲ್ಲಿ ತೂಗಿ ನೋಡಿದ್ದು ಹುಡುಗರಿಗೆ ಕೆಲಸ ಕೊಟ್ಟ ತರಗತಿಯನ್ನು, ಕೊಡದ ತರಗತಿಯನ್ನು; ಯಂತ್ರದ ಬೆಲೆಯನ್ನಲ್ಲ.

ಹಾರ್ವರ್ಡಿನ ಭೌತವಿಜ್ಞಾನಿ ಎರಿಕ್ ಮಜೂರರು 1991ರಲ್ಲಿ ಆರಂಭಿಸಿದ ಕ್ರಮ ಇಂಥದೇ. ಅವರ ತರಗತಿಯ ಹುಡುಗರು ಕಷ್ಟದ ಲೆಕ್ಕಗಳನ್ನು ಸಲೀಸಾಗಿ ಮಾಡುತ್ತಿದ್ದರು. ನ್ಯೂಟನ್ನನ ನಿಯಮದ ಬಗ್ಗೆ ಸರಳವಾಗಿ ಕೇಳಿದರೆ ತಡವರಿಸುತ್ತಿದ್ದರು. ಆದ್ದರಿಂದ ಅವರು ಪಾಠದ ನಡುವೆ ನಿಂತು ಒಂದು ಪ್ರಶ್ನೆ ಹಾಕತೊಡಗಿದರು. ಮೊದಲು ಪ್ರತಿಯೊಬ್ಬನೂ ತಾನೇ ಯೋಚಿಸಿ ಉತ್ತರ ಆರಿಸಬೇಕು. ಆಮೇಲೆ ಪಕ್ಕದವನೊಡನೆ ವಾದಮಾಡಬೇಕು. ಮತ್ತೆ ಉತ್ತರ ಹೇಳಬೇಕು. ಅನಂತರವೇ ಮೇಷ್ಟರ ವಿವರಣೆ. ಇದಕ್ಕೆಂದು ಗುಂಡಿ ಒತ್ತುವ ಉಪಕರಣಗಳು ಉಂಟು. ಕೈಯೆತ್ತಿಸಿದರೂ ನಡೆಯುತ್ತದೆ.

ನಿವೃತ್ತಿಗೆ ಐದಾರು ವರ್ಷ ಉಳಿದಿದ್ದಾಗ, ನಾಚಿಕೆಯಿಂದಲೇ, ನಾನೂ ಇದನ್ನು ಪರೀಕ್ಷಿಸಿ ನೋಡಿದೆ. ಪ್ರೊಜೆಕ್ಟರು ಆರಿಸಿ ಬೋರ್ಡಿನ ಮೇಲೆ ಒಂದು ಪ್ರಶ್ನೆ ಬರೆದೆ: ನೆಟ್ಟಗೆ ಮೇಲೆಸೆದ ಕಲ್ಲು ತುತ್ತತುದಿಯಲ್ಲಿ ಕ್ಷಣಮಾತ್ರ ನಿಂತಾಗ ಅದರ ವೇಗೋತ್ಕರ್ಷ ಎಷ್ಟು? ಮುಕ್ಕಾಲು ಮಂದಿ ಸೊನ್ನೆ ಎಂದು ಕೈಯೆತ್ತಿದರು. ಇವರಿಗೆಲ್ಲ ನಾನೇ ಅದರ ಸೂತ್ರಗಳನ್ನು ಬರೆಸಿದ್ದೆ. ಕಿರುಪರೀಕ್ಷೆಯಲ್ಲಿ ಒಳ್ಳೆಯ ಅಂಕಗಳನ್ನೂ ಕೊಟ್ಟಿದ್ದೆ. ಸರಿಯುತ್ತರ ಹೇಳಲು ಬಾಯಿ ಕಡಿಯುತ್ತಿತ್ತು. ತಡೆದುಕೊಂಡು, 'ಪಕ್ಕದವರ ಹತ್ತಿರ ವಾದ ಮಾಡಿ' ಎಂದೆ.

ಮೊದಲು ಯಾರೂ ಬಾಯಿ ಬಿಡಲಿಲ್ಲ. ಆಮೇಲೆ ತರಗತಿಯಲ್ಲಿ ಗದ್ದಲವೆದ್ದಿತು. ಎದ್ದ ಗದ್ದಲವೆಲ್ಲ ಕನ್ನಡದಲ್ಲಿತ್ತು. ನಾನು ಇಷ್ಟು ವರ್ಷ ಇಂಗ್ಲಿಷಿನಲ್ಲಿ ಪಾಠ ಹೇಳಿ, ಇಂಗ್ಲಿಷಿನಲ್ಲಿ 'ಡೌಟ್ ಇದೆಯೇ?' ಎಂದು ಕೇಳಿ, ಯಾರೂ ಮಾತಾಡದಿದ್ದಾಗ ಎಲ್ಲರಿಗೂ ಅರ್ಥವಾಯಿತೆಂದು ತೃಪ್ತಿಪಟ್ಟವನು. ಕೊನೆಯ ಬೆಂಚಿನಲ್ಲಿ ಹಳ್ಳಿಯ ಕನ್ನಡ ಶಾಲೆಯಿಂದ ಬಂದ ಹುಡುಗನೊಬ್ಬ ಕೂರುತ್ತಿದ್ದ. ಹಾಜರಿ ಕರೆದಾಗ ಬಿಟ್ಟರೆ ಅವನ ದನಿಯನ್ನು ನಾನು ಕೇಳಿರಲಿಲ್ಲ. ಅವನು ತನ್ನ ಪಕ್ಕದವನಿಗೆ ಹೇಳುತ್ತಿದ್ದ: 'ಕಲ್ಲು ನಿಂತ್ಕೊಂಡ್ತು ಅಂತ ಭೂಮಿ ಎಳೆಯೋದು ನಿಲ್ಲಿಸ್ತದೇನೋ? ನಿಲ್ಲಿಸಿದ್ರೆ ಅದು ಅಲ್ಲೇ ಇರ್ತಿತ್ತಲ್ಲ, ಯಾಕೆ ಕೆಳಗೆ ಬಿತ್ತು?' ಅದಕ್ಕಿಂತ ಒಳ್ಳೆಯ ವಿವರಣೆ ನನ್ನ ನೋಟ್ಸಿನಲ್ಲಿರಲಿಲ್ಲ. ಎರಡನೆಯ ಸಲ ಕೈಯೆತ್ತಿಸಿದಾಗ ಹೆಚ್ಚಿನವರು ಸರಿಯುತ್ತರಕ್ಕೆ ಬಂದಿದ್ದರು. ಆ ಹುಡುಗ ಅಷ್ಟರವರೆಗೆ ನನ್ನ ಲೆಕ್ಕದಲ್ಲಿ ದಡ್ಡರ ಸಾಲಿನವನು. ಅಂಥವರು ನನ್ನ ಕೈಯಲ್ಲಿ ಎಷ್ಟು ಮಂದಿ ಹಾಗೆಯೇ ದಾಟಿಹೋದರೋ ಎಂಬ ಯೋಚನೆ ಈಗಲೂ ಒಮ್ಮೊಮ್ಮೆ ನಿದ್ದೆ ಕೆಡಿಸುತ್ತದೆ.

ಇದಕ್ಕೆ ಸಹೋದ್ಯೋಗಿಗಳು ಎತ್ತುವ ಆಕ್ಷೇಪಗಳನ್ನು ನಾನು ಬಲ್ಲೆ. ಅವನ್ನೆಲ್ಲ ನಾನೂ ಎತ್ತಿದ್ದೇನೆ. ಪಾಠ ಮುಗಿಯುವುದಿಲ್ಲ ಎಂಬುದು ಮೊದಲನೆಯದು. ಮುಗಿಯುವುದು ಯಾರ ಪಾಠ? ನನ್ನದು ಪ್ರತಿ ವರ್ಷವೂ ಮುಗಿಯುತ್ತಿತ್ತು. ಹುಡುಗರದು ಆರಂಭವೇ ಆಗಿರಲಿಲ್ಲ. ಎರಡನೆಯದು, ಪ್ರಶ್ನೆ ಕೇಳಿದರೆ ಯಾರೂ ಉತ್ತರ ಹೇಳುವುದಿಲ್ಲ ಎಂಬುದು. ಅಮೆರಿಕದ ಶಾಲೆಗಳ ಪಾಠಗಳನ್ನು ಧ್ವನಿಮುದ್ರಿಸಿ ಪರಿಶೀಲಿಸಿದ ಮೇರಿ ಬಡ್ ರೋ ಎಂಬಾಕೆ 1974ರಲ್ಲಿ ಬರೆದದ್ದನ್ನು ಇಲ್ಲಿ ನೆನೆಯಬೇಕು. ಪ್ರಶ್ನೆ ಹಾಕಿದ ಮೇಲೆ ಉಪಾಧ್ಯಾಯರು ಉತ್ತರಕ್ಕಾಗಿ ಕಾಯುತ್ತಿದ್ದುದು ಸುಮಾರು ಒಂದು ಸೆಕೆಂಡು! ಮೂರು ಸೆಕೆಂಡು ಕಾದಾಗ ಉತ್ತರಗಳು ಉದ್ದವಾದವು, ಸುಮ್ಮನಿದ್ದ ಮಕ್ಕಳೂ ಬಾಯಿಬಿಟ್ಟರು. ಕಾಯುವುದಕ್ಕೆ ಟೆಂಡರು ಕರೆಯಬೇಕಾಗಿಲ್ಲ. ಆದರೆ ಕಾಯುವುದೇ ನಮಗೆ ಎಲ್ಲಕ್ಕಿಂತ ಕಷ್ಟ.

ಮೂರನೆಯದು, ಇದು ಹುಡುಗರಿಗೇ ಇಷ್ಟವಿಲ್ಲ ಎಂಬುದು. ಇದರಲ್ಲಿ ನಿಜವಿದೆ. 2019ರಲ್ಲಿ ಹಾರ್ವರ್ಡಿನಲ್ಲೇ ನಡೆದ ಒಂದು ಅಧ್ಯಯನದಲ್ಲಿ, ತಾವೇ ಕೆಲಸಮಾಡಿದ ವಿದ್ಯಾರ್ಥಿಗಳು ಹೆಚ್ಚು ಕಲಿತಿದ್ದರೂ ತಾವು ಕಡಿಮೆ ಕಲಿತೆವೆಂದು ಭಾವಿಸಿದರು. ನಿರರ್ಗಳವಾದ ಉಪನ್ಯಾಸ ಕೇಳಿದವರು ಕಡಿಮೆ ಕಲಿತೂ ಹೆಚ್ಚು ಕಲಿತೆವೆಂದುಕೊಂಡರು. ಒಳ್ಳೆಯ ಮಾತುಗಾರನ ಮುಂದೆ ಕೂತಾಗ ಅವನ ತಿಳಿವೆಲ್ಲ ನಮ್ಮದಾಯಿತೆಂಬ ಭ್ರಮೆ ಯಾರಿಗಿಲ್ಲ? ಹುಡುಗರ ಮೆಚ್ಚುಗೆಯೊಂದನ್ನೇ ನೆಚ್ಚಿ ಅಧ್ಯಾಪಕನನ್ನು ಅಳೆಯುವವರು ಇದನ್ನು ಗಮನಿಸಬೇಕು.

ಇಷ್ಟು ಹೇಳಿದ್ದರಿಂದ ನಾನು ಸೀಮೆಸುಣ್ಣದ ಪಕ್ಷದವನೆಂದು ಯಾರೂ ತಿಳಿಯಬಾರದು. ಹಿಂದಿನ ಕಾಲದಲ್ಲಿ ಎಲ್ಲ ಚೆನ್ನಾಗಿತ್ತೆಂದು ಹೇಳುವವರು ಆಗಿನ ನೋಟ್ಸು ಬರೆಸುವ ಪದ್ಧತಿಯನ್ನು ಮರೆತಿರುತ್ತಾರೆ. ಅಲೆಗಳು ಒಂದರ ಮೇಲೊಂದು ಬಿದ್ದಾಗ ಏನಾಗುವುದೆಂಬುದನ್ನು ಪರದೆಯ ಮೇಲೆ ಚಲಿಸುವ ಚಿತ್ರ ಅರೆನಿಮಿಷದಲ್ಲಿ ತೋರಿಸುತ್ತದೆ; ನಾನು ಬೋರ್ಡಿನ ಮೇಲೆ ಒಂದು ಗಂಟೆ ಗೀಚಿದರೂ ಅದು ಬಾರದು. ಜ್ವರದಿಂದ ಮಲಗಿದ ಹುಡುಗಿಗೆ ಧ್ವನಿಮುದ್ರಿತ ಪಾಠ ವರವೇ. ಆದರೆ ಸೂತ್ರವೊಂದನ್ನು ಸಾಧಿಸುವಾಗ ಪ್ರೊಜೆಕ್ಟರು ಆರಿಸಿ ಬೋರ್ಡಿಗೆ ಬನ್ನಿ; ಕೈ ಬರೆಯುವ ವೇಗವೇ ಹುಡುಗನ ಬುದ್ಧಿ ಹಿಂಬಾಲಿಸಬಲ್ಲ ವೇಗ. ತರಗತಿಯ ಮೊದಲ ಐದು ನಿಮಿಷ ಹಿಂದಿನ ಪಾಠವನ್ನು ಪುಸ್ತಕ ಮುಚ್ಚಿಸಿ ನೆನಪಿನಿಂದ ಬರೆಸಿ. ಮತ್ತೆ ಮತ್ತೆ ಓದಿದವರಿಗಿಂತ ಹೀಗೆ ನೆನಪಿಸಿಕೊಂಡವರಲ್ಲಿ ಒಂದು ವಾರದ ಮೇಲೆ ಹೆಚ್ಚು ಉಳಿದಿರುತ್ತದೆಂದು ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ತೋರಿಸಿದ್ದಾರೆ. ಕೊನೆಯ ಎರಡು ನಿಮಿಷ, ಈ ಹೊತ್ತು ಅರ್ಥವಾಗದ್ದೇನು ಎಂಬುದನ್ನು ಚೀಟಿಯಲ್ಲಿ ಬರೆದುಕೊಡಲು ಹೇಳಿ. ಕನ್ನಡದಲ್ಲಿ ಬರೆದರೂ ತೆಗೆದುಕೊಳ್ಳಿ. ಹೆಸರು ಬೇಡ.

ಆದರೆ ತಪ್ಪನ್ನೆಲ್ಲ ಅಧ್ಯಾಪಕನ ತಲೆಗೆ ಕಟ್ಟುವುದು ಅನ್ಯಾಯ. ನೂರು ಜನರ ತರಗತಿ ಕೊಟ್ಟು, ಅರ್ಧ ಹುದ್ದೆಗಳನ್ನು ಅತಿಥಿ ಉಪನ್ಯಾಸಕರಿಂದ ತುಂಬಿಸಿ, ಆಮೇಲೆ ಗೋಡೆಗೆ ಸ್ಮಾರ್ಟ್ ಬೋರ್ಡು ಹಾಕಿದರೆ ಆಡಳಿತದವರ ಕರ್ತವ್ಯ ತೀರಲಿಲ್ಲ. ಕಾಲೇಜುಗಳ ಮೌಲ್ಯಮಾಪನದ ನಮೂನೆಗಳಲ್ಲಿ ಎಷ್ಟು ಕೊಠಡಿಗಳಲ್ಲಿ ಇಂಥ ಸಾಧನಗಳಿವೆ ಎಂದು ಕೇಳಿದ್ದುಂಟು. ಬೋಧನೆಯ ರೀತಿಯನ್ನೂ ಕೇಳಿದ್ದುಂಟು. ಆದರೆ ಬೋರ್ಡನ್ನು ಎಣಿಸಿ ಫೋಟೋ ಅಂಟಿಸಬಹುದು. ಹುಡುಗನ ತಲೆಯೊಳಗಿನ ಗೊಂದಲ ತಿಳಿಯಾದದ್ದನ್ನು ಹೇಗೆ ಅಂಟಿಸುತ್ತೀರಿ? 1918ರಿಂದ ಮೂರು ವರ್ಷ ನಮ್ಮ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳಿದ್ದ ರಾಧಾಕೃಷ್ಣನ್ನರು 1948ರಲ್ಲಿ ವಿಶ್ವವಿದ್ಯಾಲಯ ಶಿಕ್ಷಣ ಆಯೋಗದ ಅಧ್ಯಕ್ಷರಾಗಿದ್ದರು. ಉಪನ್ಯಾಸದ ಜೊತೆಗೆ ಸಣ್ಣ ಗುಂಪಿನ ಟ್ಯುಟೋರಿಯಲ್, ಗ್ರಂಥಾಲಯದ ಕೆಲಸ, ಲಿಖಿತ ಅಭ್ಯಾಸ ಇರಲೇಬೇಕೆಂದು ಆ ಆಯೋಗ ಹೇಳಿತು. ಮುಕ್ಕಾಲು ಶತಮಾನ ಕಳೆಯಿತು. ಬೋರ್ಡು ಬಂತು, ಉಪಗ್ರಹ ಬಂದು ಹೋಯಿತು. ನಾನು ಕಂಡ ಎಷ್ಟೋ ಕಾಲೇಜುಗಳಲ್ಲಿ ಟ್ಯುಟೋರಿಯಲ್ ವೇಳಾಪಟ್ಟಿಯ ಕಾಗದದಿಂದ ಈಚೆಗೆ ಬರಲಿಲ್ಲ.

ಮಗನನ್ನೋ ಮಗಳನ್ನೋ ಕಾಲೇಜಿಗೆ ಸೇರಿಸಲು ಹೊರಟ ತಂದೆತಾಯಿಗಳು ಈ ಪತ್ರಿಕೆಯನ್ನು ಓದುತ್ತಾರೆ. ಅವರಲ್ಲಿ ನನ್ನದೊಂದು ಬಿನ್ನಹ. ಕಚೇರಿಯ ಕಿಟಕಿಯಲ್ಲಿ ನಿಂತು 'ಸ್ಮಾರ್ಟ್ ಕ್ಲಾಸ್ ಇದೆಯೇ?' ಎಂದು ಕೇಳಬೇಡಿ. ಆ ಪ್ರಶ್ನೆಗೆ ಹೆದರಿಯೇ ಅವರು ಅದನ್ನು ಕೊಳ್ಳುವುದು. ಒಂದು ತರಗತಿಯಲ್ಲಿ ಎಷ್ಟು ಹುಡುಗರು, ಟ್ಯುಟೋರಿಯಲ್ ವಾರಕ್ಕೆ ಎಷ್ಟು ಎಂದು ಕೇಳಿ. ಸೇರಿಸಿದ ಮೇಲೆ, ಸಂಜೆ ಮಗು ಮನೆಗೆ ಬಂದಾಗ ಮೇಷ್ಟರು ಏನು ತೋರಿಸಿದರೆಂದು ವಿಚಾರಿಸಬೇಡಿ. 'ಈ ಹೊತ್ತು ಕ್ಲಾಸಿನಲ್ಲಿ ನೀನು ಏನು ಮಾತಾಡಿದೆ?' ಎಂದು ಕೇಳಿ. ಏನೂ ಇಲ್ಲ ಎಂಬ ಉತ್ತರ ದಿನವೂ ಬರುತ್ತಿದ್ದರೆ ನೀವು ಕಟ್ಟಿದ ಶುಲ್ಕದ ಬಹುಭಾಗ ಗೋಡೆಗೆ ಹೋಗುತ್ತಿದೆಯೆಂದು ತಿಳಿಯಿರಿ.