ಮುಂದಿನ ಚಕ್ರ ‘ಗುಂಯ್’ ಎಂದರೆ ಗ್ರೀಸ್ ಹಾಕಿದರೆ ಸಾಕೇ?

ರಾಮನಗರ ದಾಟಿ ಹಳೆಯ ಮೈಸೂರು ರಸ್ತೆಯಲ್ಲಿ ಕೆಂಗಲ್ ಕಡೆಗೆ ಹೊರಟಿದ್ದೀರಿ. ವೇಗ ಹೆಚ್ಚಿದಂತೆ ನಿಮ್ಮ ಹಳೆಯ ಕಾರಿನ ಮುಂದಿನ ಚಕ್ರ ‘ಗುಂಯ್’ ಎನ್ನುತ್ತದೆ. ‘ಬೇರಿಂಗ್ ಸದ್ದು, ಗ್ರೀಸ್ ಹಾಕಿಸಿದರೆ ಸರಿಹೋಗುತ್ತೆ’ ಎಂಬ ಸಲಹೆ ಬರುತ್ತದೆ. ಇದು ನಿಜವೇ?

ಅರ್ಧ ಮಾತ್ರ ನಿಜ. ಅಂಬಾಸಿಡರ್‌ ಕಾಲದಲ್ಲಿ ಮುಂದಿನ ಬೇರಿಂಗ್ ಬಿಚ್ಚಿ, ತೊಳೆದು, ಗ್ರೀಸ್ ತುಂಬುತ್ತಿದ್ದರು. ನಂತರ ಬಂದ ಹೆಚ್ಚಿನ ಕಾರುಗಳಲ್ಲಿ ಇರುವುದು ಸೀಲ್ ಮಾಡಿದ ಬೇರಿಂಗ್. ಸೀಲ್ ಹಾಳಾಗಿ ನೀರು, ದೂಳು ಒಳಹೊಕ್ಕು, ಗುಂಡುಗಳು ಉರುಳುವ ಉಕ್ಕಿನ ಬಳೆ ಸವೆದ ಮೇಲೆ ಯಾವ ಗ್ರೀಸ್ ಕೂಡ ಅದನ್ನು ಸರಿಮಾಡದು. ಬದಲಾಯಿಸಲೇಬೇಕು.

ಯಾವ ಬದಿಯದು? ಎಡಕ್ಕೆ ತಿರುಗಿದಾಗ ಭಾರ ಬಲಕ್ಕೆ ವಾಲುತ್ತದೆ. ಆಗ ಸದ್ದು ಹೆಚ್ಚಾದರೆ ಅನುಮಾನ ಬಲಬದಿಯ ಬೇರಿಂಗ್ ಮೇಲೆ. ತಿರುಗಿದರೂ ಸದ್ದು ಬದಲಾಗದಿದ್ದರೆ ಟೈರುಗಳನ್ನೂ ನೋಡಿಸಿ. ಮೆಕ್ಯಾನಿಕ್ ಕಾರನ್ನು ಜಾಕ್ ಮೇಲೆತ್ತಿ ಚಕ್ರ ಅಲ್ಲಾಡಿಸಿ, ತಿರುಗಿಸಿ ಖಚಿತಪಡಿಸಿಕೊಳ್ಳುತ್ತಾರೆ.

‘ಹಬ್ಬನ್ನೂ ಬದಲಿಸಿ’ ಎಂದರೆ ಮೋಸವೇ? ಯಾವಾಗಲೂ ಅಲ್ಲ. ಹಳೆಯ ಬೇರಿಂಗ್ ತೆಗೆಯುವಾಗ ಅದರ ಒಳಬಳೆ ಹಬ್ ಮೇಲೇ ಉಳಿಯುವುದುಂಟು. ಆ ಜಾಗ ಸವೆದಿದ್ದರೆ ಹೊಸ ಬೇರಿಂಗ್ ಬಿಗಿಯಾಗಿ ಕೂರದು. ಸವೆತವನ್ನು ತೋರಿಸಲು ಕೇಳಿ. ಹೊಸದನ್ನು ಸುತ್ತಿಗೆಯಿಂದ ಬಡಿಯದೆ ಪ್ರೆಸ್‌ನಲ್ಲೇ ಕೂರಿಸಲು ಹೇಳಿ. ಪೆಟ್ಟು ಬಿದ್ದರೆ ಹೊಸ ಬೇರಿಂಗೂ ಬೇಗ ಕೆಡುತ್ತದೆ.

ಸದ್ದನ್ನು ಕಡೆಗಣಿಸಿದರೆ ಚಕ್ರ ಅಲುಗಾಡಿ ಸ್ಟೀರಿಂಗ್ ಹಿಡಿತ ತಪ್ಪಬಹುದು, ಕೊನೆಗೆ ಚಕ್ರವೇ ಕಳಚಬಹುದು. ಹಾಗಾಗಿ ‘ಗ್ರೀಸ್ ಸಾಕು’ ಎಂಬ ಸಲಹೆ ಫಾರ್ವರ್ಡ್ ಮಾಡುವ ಮುನ್ನ ಚಕ್ರ ಪರೀಕ್ಷಿಸಿ ಎನ್ನುತ್ತೇವೆ ನಾವು.