ಕೆರೆಯ ಪರವಾಗಿ ವಾದಿಸುವವರಾರು?

1896ರಲ್ಲಿ ಹೆಸರಘಟ್ಟ ಕೆರೆಯ ನೀರು ಸೋಲದೇವನಹಳ್ಳಿಗೆ ಹರಿದು ಬಂದು, ಇಲ್ಲಿನ ಉಗಿಯಂತ್ರಗಳ ಬಲದಿಂದ ಮಲ್ಲೇಶ್ವರದತ್ತ ಸಾಗಿ ಬೆಂಗಳೂರಿನ ದಾಹ ತಣಿಸಿತು. ಇಂದು ನಗರದ ಹೊರವಲಯದ ಬಡಾವಣೆಗಳು ಬೇಸಿಗೆ ಬಂದೊಡನೆ ಟ್ಯಾಂಕರಿನ ದಾರಿ ಕಾಯುತ್ತವೆ. ಹೀಗಿರುವಾಗಲೂ, "ಕೆರೆಗಳ ವಿಷಯದಲ್ಲಿ ನ್ಯಾಯಾಲಯಕ್ಕೇನು ಕೆಲಸ? ಆಡಳಿತ ಸರ್ಕಾರದ ಹೊಣೆಯಲ್ಲವೇ?" ಎಂದು ಕೇಳುವವರಿದ್ದಾರೆ.

ಹೆಬ್ಬಾಳದತ್ತ ನೋಡಿ. 2000ದ ದಶಕದಲ್ಲಿ ಕೆರೆ ಅಭಿವೃದ್ಧಿ ಪ್ರಾಧಿಕಾರವು ಹೆಬ್ಬಾಳ, ನಾಗವಾರ ಕೆರೆಗಳನ್ನು ಖಾಸಗಿ ಸಂಸ್ಥೆಗಳಿಗೆ ಗುತ್ತಿಗೆಗೆ ಒಪ್ಪಿಸಿತು. ಹೊಣೆ ಹೊತ್ತವರೇ ಹೊಣೆಯನ್ನು ಮಾರಾಟಕ್ಕಿಟ್ಟರೆ ಯಾರಲ್ಲಿ ಮೊರೆಯಿಡುವುದು? ಮೀನು ಹಿಡಿಯುವವನು, ದನ ಮೇಯಿಸುವವಳು, ಬಟ್ಟೆ ಒಗೆಯುವವನು ಹೈಕೋರ್ಟಿನ ಮೆಟ್ಟಿಲೇರುವ ಸ್ಥಿತಿಯಲ್ಲಿದ್ದರೇ? ಅವರ ಪರವಾಗಿ ಬೇರೊಬ್ಬರು ಬರಬಹುದೆಂಬ ಬಾಗಿಲನ್ನು 1981ರ ಎಸ್. ಪಿ. ಗುಪ್ತ ಪ್ರಕರಣದಲ್ಲಿ ನ್ಯಾಯಮೂರ್ತಿ ಪಿ. ಎನ್. ಭಗವತಿಯವರು ತೆರೆದಿದ್ದರು. ಆ ಬಾಗಿಲಿನಿಂದಲೇ 2008ರಲ್ಲಿ ಎನ್ವಿರಾನ್ಮೆಂಟ್ ಸಪೋರ್ಟ್ ಗ್ರೂಪ್ ಕೆರೆಗಳಿಗಾಗಿ ಹೈಕೋರ್ಟನ್ನು ಪ್ರವೇಶಿಸಿತು. ನ್ಯಾಯಮೂರ್ತಿ ಎನ್. ಕೆ. ಪಾಟೀಲರ ಸಮಿತಿ ವರದಿ ನೀಡಿತು. 2012ರ ಏಪ್ರಿಲ್ 11ರ ತೀರ್ಪು ಅದನ್ನು ಅಂಗೀಕರಿಸಿತು. ಕೆರೆಗಳ ಸರ್ವೆಯಾಗಬೇಕು, ಬೇಲಿ ಹಾಕಬೇಕು, ಕೊಳಚೆ ತಡೆಯಬೇಕು, ಪ್ರತಿ ಜಿಲ್ಲೆಯಲ್ಲೂ ಕೆರೆ ಸಂರಕ್ಷಣಾ ಸಮಿತಿ ಇರಬೇಕು.

ಪ್ರಚಾರಕ್ಕಾಗಿ, ಹಗೆಗಾಗಿ ಅರ್ಜಿ ಹಾಕುವವರೂ ಇದ್ದಾರೆ, ನಿಜ. ಅಂಥವರಿಗೆ ದಂಡ ವಿಧಿಸುವಂತೆ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಕಳ್ಳನಾಣ್ಯವಿದೆಯೆಂದು ನಾಣ್ಯವನ್ನೇ ನಿಷೇಧಿಸುವುದುಂಟೇ?

ನನಗೆ ಹೆಚ್ಚು ನೋವು ತರುವುದು ಬೇರೊಂದು. ಒತ್ತುವರಿ ತೆರವಿಗೆ ಆದೇಶ ಬಂದಾಗ ಜೆಸಿಬಿ ಮೊದಲು ನಿಲ್ಲುವುದು ಬಡವನ ಗುಡಿಸಲಿನ ಮುಂದೆ. ಬಹುಮಹಡಿ ಕಟ್ಟಡದ ಮಾಲೀಕನ ಕೈಯಲ್ಲಿ ಅಷ್ಟರಲ್ಲಿ ತಡೆಯಾಜ್ಞೆ ಇರುತ್ತದೆ. ಬಡವನ ಹೆಸರಿನಲ್ಲಿ ಪಡೆದ ಆದೇಶ ಬಡವನ ಮೇಲೆಯೇ ತಿರುಗುವುದನ್ನು ತಡೆಯಲು ನ್ಯಾಯಾಧೀಶರು ಪ್ರತಿ ಕೆರೆಯಂಗಳಕ್ಕೂ ಬರಲಾರರು. ತೀರ್ಪು ಬಂದ ದಿನ ಹರ್ಷಿಸಿ ಮನೆಗೆ ಹೋದ ನಾವೇ ಅಲ್ಲಿರಬೇಕಿತ್ತು.

ಭಾನುವಾರದ ಪೂಜೆ ಮುಗಿದ ಮೇಲೆ ಕೆರೆಯ ದುರ್ವಾಸನೆಯನ್ನು ದೂರುವ ಕುಟುಂಬಗಳೇ, ನಿಮ್ಮೂರ ಕೆರೆಯ ಸರ್ವೆ ನಕ್ಷೆಯನ್ನು ಕಂಡಿದ್ದೀರಾ? ಜಿಲ್ಲಾ ಸಮಿತಿ ಕಡೆಯ ಬಾರಿ ಸೇರಿದ್ದು ಯಾವಾಗ? ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ ಶುಲ್ಕ. ಈ ತಿಂಗಳೇ ಬರೆಯಿರಿ. ಉತ್ತರ ಬಾರದಿದ್ದರೆ ಮೇಲ್ಮನವಿ ಸಲ್ಲಿಸಿ.